ಓದುಗರು ಕೇಳಿದ್ದು: ಅಕ್ಷರ ಕಲಿಸುವವರಿಗೆ ಸಂಬಳ ಯಾಕಿಲ್ಲ?

ಪ್ರಶ್ನೆ: ಸಾಕ್ಷರತಾ ಆಂದೋಲನ ನಡೆದಾಗ ನಮ್ಮೂರ ಗೋಡೆಯ ಮೇಲೆ ‘ಒಬ್ಬರು ಒಬ್ಬರಿಗೆ ಕಲಿಸಿರಿ’ ಎಂದು ಬರೆದಿದ್ದರು. ಈ ಪದ್ಧತಿ ಎಲ್ಲಿಂದ ಬಂತು? ಹಿಂದೆ ಯಾವ ಸಂಸ್ಥೆ ಇತ್ತು?
– ಓದುಗರು, ಅಣ್ಣಿಗೇರಿ

ಉತ್ತರ: ಈ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಅಮೆರಿಕದ ಪಾದ್ರಿ ಫ್ರಾಂಕ್ ಲಾಬಾಕ್. 1930ರ ಸುಮಾರಿಗೆ ಅವರು ಫಿಲಿಪ್ಪೀನ್ಸಿನ ಲಾನಾವೊ ಸೀಮೆಯಲ್ಲಿ ಮರನಾವೊ ಭಾಷೆಯವರಿಗೆ ಅಕ್ಷರ ಕಲಿಸುತ್ತಿದ್ದರು. ಮಹಾ ಆರ್ಥಿಕ ಕುಸಿತದಲ್ಲಿ ಮಿಷನ್ನಿನ ಹಣ ಬತ್ತಿತು, ಮಾಸ್ತರರ ಸಂಬಳ ನಿಂತಿತು. ಆಗ, ಕಲಿತವರು ಇನ್ನೊಬ್ಬರಿಗೆ ಪುಕ್ಕಟೆ ಕಲಿಸಲೇಬೇಕು ಎಂಬ ಕಟ್ಟಳೆ ಬಂತು. ರೊಕ್ಕ ಇಲ್ಲದ್ದೇ ಈ ಪದ್ಧತಿಯ ತಾಯಿ ಅನ್ನಿ. 1935ರಲ್ಲಿ ಲಾಬಾಕ್ ಭಾರತಕ್ಕೂ ಬಂದರು.

1955ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನಲ್ಲಿ ಅವರ ಹೆಸರಿನ ಸಂಸ್ಥೆ ಶುರುವಾಯಿತು. ಸೋಜಿಗವೆಂದರೆ ಅದೇ ಊರಿನಲ್ಲಿ 1962ರಲ್ಲಿ ರೂತ್ ಕಾಲ್ವಿನ್ ಎಂಬ ಗೃಹಿಣಿ ಇನ್ನೊಂದು ಸ್ವಯಂಸೇವಾ ಸಂಸ್ಥೆ ಕಟ್ಟಿದರು. ಲಾಬಾಕ್ ಚಿತ್ರದೊಳಗೆ ಅಕ್ಷರ ಅಡಗಿಸಿದ ಪಾಠಪುಸ್ತಕವನ್ನು ನೆಚ್ಚಿದರೆ, ಕಾಲ್ವಿನ್ ಕಲಿಸುವವರ ತರಬೇತಿಗೆ ಒತ್ತು ಕೊಟ್ಟರು. ಕಲಿಯುವವರು ಆಡಿದ ಮಾತನ್ನೇ ಬರೆದು ಪಾಠ ಮಾಡಿಸಿದರು. ಎರಡೂ ಸಂಸ್ಥೆಗಳು 2002ರಲ್ಲಿ ಕೂಡಿ ‘ಪ್ರೋಲಿಟರಸಿ’ ಆದವು.

ನಮ್ಮಲ್ಲಿ 1978ರ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಕಲಿಸುವವರಿಗೆ ತಿಂಗಳಿಗೆ 50 ರೂಪಾಯಿ ಗೌರವಧನ ಇತ್ತು. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದ ಮೇಲೆ ಆಂದೋಲನ ಪೂರ್ತಿ ಸ್ವಯಂಸೇವಕರ ಹೆಗಲಿಗೆ ಬಿತ್ತು. ನಿಮ್ಮೂರ ಗೋಡೆಬರಹ ಆ ಕಾಲದ್ದೇ ಇರಬೇಕು.

ಪ್ರಶ್ನೆ: ಸ್ವಸಹಾಯ ಸಂಘದ ಎಂಟು ಹೆಣ್ಣುಮಕ್ಕಳಿಗೆ ಕಲಿಸಬೇಕೆಂದಿದ್ದೇವೆ. ಅ, ಆ, ಇ, ಈಯಿಂದಲೇ ಶುರು ಮಾಡೋಣವೆ?
– ಓದುಗರು, ಮುಂಡರಗಿ

ಉತ್ತರ: ಬೇಡ. ವರ್ಣಮಾಲೆ ಹಿಡಿದು ಹೊರಟರೆ ವಾರ ಕಳೆದರೂ ಓದಲಿಕ್ಕೆ ಒಂದು ಪದ ಸಿಗುವುದಿಲ್ಲ. ದುಡಿದು ಬಂದವರು ಎದ್ದು ಹೋಗುತ್ತಾರೆ. ಬರೆಯಲು ಸುಲಭವಾದ ರ, ಗ, ಸ, ದ, ಅ ಐದರಿಂದ ಹಿಡಿಯಿರಿ: ಸರ, ದರ, ಅರಸ, ಅಗಸ, ಗರಗಸ. ನಿಮ್ಮ ಜಿಲ್ಲೆಯವರಿಗೆ ಇನ್ನೂ ಒಂದು ಸವಲತ್ತಿದೆ. ‘ಗದಗ’ ಬರೆಯಲು ಎರಡೇ ಅಕ್ಷರ ಸಾಕು! ಮೊದಲ ದಿನವೇ ಬಸ್ಸಿನ ಬೋರ್ಡು ಓದಿಸಬಹುದು. ಧಾರವಾಡದ ಬದಿಯವರಿಗೆ ‘ಗರಗ’ ಇದೆ. ಎರಡು ಒತ್ತಕ್ಷರದ ‘ಹುಬ್ಬಳ್ಳಿ’ ಕಡೆಗಿರಲಿ.

ಕಾಗುಣಿತವನ್ನು ಸಾಲಾಗಿ ಹೇಳಿಸಬೇಡಿ. ಕ, ಕಾ, ಕಿ, ಕೀ ಎಂದು ಪದ ಹಾಡಿದಂತೆ ಒಪ್ಪಿಸುತ್ತಾರೆ, ನಡುವಿನ ‘ಕೊ’ ತೋರಿಸಿದರೆ ಬಾಯಿ ಕಟ್ಟುತ್ತದೆ. ಒಂದು ಸಲಕ್ಕೆ ಒಂದೇ ಗುಣಿತ ಚಿಹ್ನೆ, ಅದೂ ಕಲಿತ ಅಕ್ಷರಗಳಿಗೆ ಮಾತ್ರ: ರಾಗ, ದಾರ, ಸಾರ. ಸಹಿಯಿಂದ ಶುರು ಮಾಡುವುದೂ ತಪ್ಪು. ಲಕ್ಷ್ಮವ್ವ ಅನ್ನುವವರು ಮೊದಲ ದಿನವೇ ‘ಕ್ಷ್ಮ’ ಎದುರಿಸಬೇಕಾಗುತ್ತದೆ. ಅದನ್ನು ರಂಗೋಲಿಯಂತೆ ನೋಡಿ ಎಳೆಯುತ್ತಾರೆ, ಓದಲು ಬರುವುದಿಲ್ಲ.

ಮ–ವ, ಪ–ಷ, ದ–ಧ ತಪ್ಪುವವರನ್ನು ಮಂದಬುದ್ಧಿ ಅನ್ನುವ ಮುಂಚೆ ಕಣ್ಣು ನೋಡಿಸಿ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕು. ಚಾಳೀಸು ಹಾಕಿದ ಮೇಲೆ ಎಷ್ಟೋ ಮಂದಿ ಸರಿಯಾಗುತ್ತಾರೆ. ಅಲ್ಲಿಯವರೆಗೆ ಪಾಟಿಯ ಮೇಲೆ ಎರಡು ಬೆರಳಗಲದ ಅಕ್ಷರ ಬರೆಯಿರಿ.

ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಮೂರು ಪಾಠಪುಸ್ತಕಗಳಿಗೆ ಇಟ್ಟಿದ್ದ ಲೆಕ್ಕ 200 ತಾಸು. ದಿನಕ್ಕೆ ಒಂದೂವರೆ ತಾಸು, ವಾರಕ್ಕೆ ಆರು ದಿನ ಅಂದರೂ 22 ವಾರ ದಾಟುತ್ತದೆ. ನಡುವೆ ಬಿತ್ತಿಗೆಯೋ ಹತ್ತಿ ಬಿಡಿಸುವುದೋ ಬಂದೇ ಬರುತ್ತದೆ. ಆ ದಿನಗಳಲ್ಲಿ ವರ್ಗ ಪೂರ್ತಿ ಮುಚ್ಚದೆ ವಾರಕ್ಕೆರಡು ದಿನವಾದರೂ ಓದಿಸಿರಿ. ಕಲಿಸುವವರೂ ಇಬ್ಬರಿರಲಿ. ಒಬ್ಬರಿಗೆ ಮದುವೆಯೋ ಬದಲಿ ಕೆಲಸವೋ ಬಂದರೆ ಪುಕ್ಕಟೆ ವರ್ಗ ಅಲ್ಲಿಗೇ ನಿಲ್ಲುತ್ತದೆ. ಈ ಪದ್ಧತಿಯ ಹಳೆಯ ಕಾಯಿಲೆಯೇ ಅದು.

ಪ್ರಶ್ನೆ: ಕಡೆಗೆ ಪರೀಕ್ಷೆ ಇರುತ್ತದೆಯೆ?
– ಓದುಗರು, ಶಿಗ್ಗಾವಿ

ಉತ್ತರ: ಕೇಂದ್ರ ಸರ್ಕಾರದ ಈಗಿನ ವಯಸ್ಕರ ಸಾಕ್ಷರತಾ ಕಾರ್ಯಕ್ರಮ ‘ಉಲ್ಲಾಸ್’ನಲ್ಲಿ ಇದೆ. 15 ವರ್ಷ ಮೇಲ್ಪಟ್ಟವರಿಗೆ ಓದು, ಬರಹ, ಲೆಕ್ಕ ತಲಾ 50 ಅಂಕ, ಒಟ್ಟು 150. ಸಂತೆಯ ಲೆಕ್ಕವನ್ನು ಬಾಯಲ್ಲಿ ಪಟಪಟ ಹೇಳುವವರು ಅದನ್ನೇ ಕಾಗದದ ಮೇಲೆ ಇಳಿಸುವಾಗ ತಡವರಿಸುತ್ತಾರೆ. ಹಾಗಾಗಿ ಸಂಘದ ಉಳಿತಾಯದ ಪುಸ್ತಕವನ್ನು ಅವರ ಕೈಯಲ್ಲೇ ಬರೆಸಿರಿ.