‘ಕ್ಯಾಲಿಫೋರ್ನಿಯಾ’ (1993) ಸಿನಿಮಾದಲ್ಲಿ ಬ್ರಾಡ್ ಪಿಟ್‌ಗಿಂತ ಜೂಲಿಯೆಟ್ ಲೂಯಿಸ್ ಜಾಸ್ತಿ ಕಾಡುವುದು ಯಾಕೆ?

ಕಥೆ ಇಷ್ಟು. ಸರಣಿ ಕೊಲೆಗಾರರ ಬಗ್ಗೆ ಪುಸ್ತಕ ಬರೆಯುವ ಬ್ರಯಾನ್, ಅವನ ಗೆಳತಿ ಫೋಟೋಗ್ರಾಫರ್ ಕ್ಯಾರಿ, ಹಳೇ ಕೊಲೆಗಳು ನಡೆದ ಜಾಗ ನೋಡ್ಕೊಂಡು ಕಾರಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾರೆ. ಖರ್ಚು ಹಂಚಿಕೊಳ್ಳಲು ಇನ್ನೊಂದು ಜೋಡಿಯನ್ನು ಹತ್ತಿಸಿಕೊಳ್ಳುತ್ತಾರೆ. ಅರ್ಲಿ ಮತ್ತು ಅಡೆಲ್.

ಅರ್ಲಿಯಾಗಿ ಪಿಟ್ ಭಯ ಹುಟ್ಟಿಸುತ್ತಾರೆ, ಎರಡು ಮಾತಿಲ್ಲ. ಕುರುಚಲು ಗಡ್ಡ, ಜಿಡ್ಡು ಕೂದಲು, ಮೂಗಲ್ಲೇ ಗೊರಗುಟ್ಟುವ ನಗು. ಆದರೆ ಅವನು ಕೊಲೆಗಾರ ಅಂತ ನಮಗೆ ಮೊದಲೇ ಗೊತ್ತು. ಅಡೆಲ್‌ಗೆ ಗೊತ್ತಿಲ್ಲ, ಅಥವಾ ಗೊತ್ತು ಮಾಡಿಕೊಳ್ಳಲು ಮನಸ್ಸಿಲ್ಲ, ಲೂಯಿಸ್ ಅಭಿನಯ ಪೂರ್ತಿ ನಿಂತಿರುವುದೇ ಅಲ್ಲಿ. ಕ್ಯಾರಿ ಅವಳ ಕೂದಲು ಕತ್ತರಿಸುವ ದೃಶ್ಯ ನೋಡಿ. ಅವನು ಹೊಡೀತಾನಾ ಅಂತ ಕೇಳಿದರೆ, ನಾನು ತಪ್ಪು ಮಾಡಿದಾಗ ಮಾತ್ರ ಅನ್ನೋ ಅರ್ಥದಲ್ಲಿ ಉತ್ತರ ಕೊಡುತ್ತಾಳೆ. ಅಳುವಿಲ್ಲ, ದೂರಿಲ್ಲ, ಮಗುವಿನಂಥ ಮುಖ. ನನಗೆ ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ಹಿಂಸೆ ಅನಿಸಿದ್ದು ಈ ಜಾಗ, ಒಂದು ಹನಿ ರಕ್ತ ಇಲ್ಲದೆ.

ಬ್ರಯಾನ್ ಕಥೆ ಬೇರೆ. ಬಾರಿನಲ್ಲಿ ಅವನಿಗಾಗಿ ಅರ್ಲಿ ಒಬ್ಬನನ್ನು ಚಚ್ಚುತ್ತಾನೆ, ಆಮೇಲೆ ಕೈಗೆ ಪಿಸ್ತೂಲು ಕೊಟ್ಟು ಗುಂಡು ಹಾರಿಸಲು ಕಲಿಸುತ್ತಾನೆ, ಬ್ರಯಾನ್‌ಗೆ ಒಳಗೊಳಗೇ ಖುಷಿ. ಕೊಲೆಗಾರರ ಮನಸ್ಸು ತಿಳಿಯಬೇಕು ಅನ್ನುವವನಿಗೆ ಪಕ್ಕದಲ್ಲಿ ಕೂತವನೇ ಕಾಣುವುದಿಲ್ಲ! ಡೇವಿಡ್ ಡುಕೋವ್ನಿ ಅಭಿನಯ ಸ್ವಲ್ಪ ಸಪ್ಪೆ, ಹಿನ್ನೆಲೆ ನಿರೂಪಣೆಯೂ ಜಾಸ್ತಿಯಾಯ್ತು. ಅಪಾಯವನ್ನು ಮೊದಲು ಗುರುತಿಸುವ ಕ್ಯಾರಿಯಾಗಿ ಮಿಶೆಲ್ ಫೋರ್ಬ್ಸ್ ಮಾತ್ರ ಬರೀ ನೋಟದಲ್ಲೇ ಆ ಕೊರತೆ ತುಂಬುತ್ತಾರೆ.