ಘಾಟಿ ದಾರಿಗೆ ಫೋನಾ, ಜಿಪಿಎಸ್ಸಾ?

ಪ್ರಶ್ನೆ: ಸರ್, ನಾವು ಉಡುಪಿಯವರು, ಬೈಕಲ್ಲಿ ಆಗಾಗ ಆಗುಂಬೆ ಕಡೆ ಹೋಗ್ತೇವೆ. ಘಾಟಿಯಲ್ಲಿ ನೆಟ್‌ವರ್ಕ್ ಸಿಗೋದಿಲ್ಲ. ಬೇರೆ ಜಿಪಿಎಸ್ ತಗೊಳ್ಬೇಕಾ, ಫೋನೇ ಸಾಕಾ?

ಉತ್ತರ: ಫೋನೇ ಸಾಕು ಮಾರಾಯ್ರೆ. ಜಿಪಿಎಸ್ ಸಿಗ್ನಲ್ ಬರೋದು ಸ್ಯಾಟಲೈಟಿಂದ, ಟವರ್ ಇಲ್ಲದಿದ್ರೂ ನೀವು ಎಲ್ಲಿದ್ದೀರಿ ಅಂತ ಫೋನಿಗೆ ಗೊತ್ತಾಗ್ತದೆ, ಕೈಕೊಡೋದು ಮ್ಯಾಪ್, ಯಾಕಂದ್ರೆ ಅದು ನೆಟ್‌ನಿಂದ ಬರೋದು, ಹಾಗಾಗಿ ಹೊರಡುವ ಮೊದ್ಲು ಮನೆಯ ವೈಫೈಯಲ್ಲೇ ಗೂಗಲ್ ಮ್ಯಾಪ್ಸಲ್ಲಿ ಹೆಬ್ರಿಯಿಂದ ತೀರ್ಥಹಳ್ಳಿವರೆಗಿನ ಏರಿಯಾ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಟ್ರಾಫಿಕ್ ತೋರಿಸೋದಿಲ್ಲ ಅಷ್ಟೇ.

ನಮ್ಮ ಕಡೆ ಮಳೆಗೆ ಮಾತ್ರ ಫೋನ್ ಸ್ವಲ್ಪ ಕಷ್ಟವೇ, ಒದ್ದೆ ಸ್ಕ್ರೀನಲ್ಲಿ ಟಚ್ ಸರಿ ಹಿಡಿಯೋದಿಲ್ಲ, ಬ್ಯಾಟರಿಯೂ ಬೇಗ ಇಳೀತದೆ. ಕಾಡಲ್ಲಿ ದಿನಗಟ್ಟಲೆ ಟ್ರೆಕ್ಕಿಂಗ್ ಮಾಡೋರಾದ್ರೆ ಬಟನ್ ಇರೋ, ಎಎ ಸೆಲ್ ಹಾಕುವಂಥ ಜಿಪಿಎಸ್ ಒಳ್ಳೇದು. ಬೈಕಿಗಾದ್ರೆ ಆ ದುಡ್ಡಲ್ಲಿ ವಾಟರ್‌ಪ್ರೂಫ್ ಹೋಲ್ಡರ್, ಒಂದು ಚಾರ್ಜರ್ ಹಾಕಿಸಿ.