ಅಂಗಡಿಯ ಟೈಮ್ ಬದಲಾಯಿತು, ಮಗುವನ್ನು ಯಾರ ಹತ್ತಿರ ಬಿಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಬಟ್ಟೆ ಅಂಗಡಿಯಲ್ಲಿ ಎರಡು ವರ್ಷದಿಂದ ಬಿಲ್ಲಿಂಗ್ ಕೆಲಸ. ಇಷ್ಟು ದಿನ ಬೆಳಿಗ್ಗೆ 10 ರಿಂದ ಸಂಜೆ 7 ಇತ್ತು. ಬಿಸಿಲಿಗೆ ಮಧ್ಯಾಹ್ನ ಗಿರಾಕಿ ಬರಲ್ಲ ಅಂತ ಮಾಲೀಕರು ಸೋಮವಾರದಿಂದ ಬೆಳಿಗ್ಗೆ 9 ರಿಂದ 1, ಮತ್ತೆ ಸಂಜೆ 5 ರಿಂದ ರಾತ್ರಿ 10 ಅಂದಿದ್ದಾರೆ. ಮಗನಿಗೆ 5 ವರ್ಷ, ಶಾಲೆಗೆ ಸೂಟಿ. ಪಕ್ಕದ ಮನೆಯವರು ಸಂಜೆ 7 ರ ಮೇಲೆ ನೋಡಿಕೊಳ್ಳಲು ಆಗಲ್ಲ ಅಂತಾರೆ. ಗಂಡನಿಗೆ ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಾಲೀಕರ ಜೊತೆ ಜಗಳ ಆಡಲೋ, ಕೆಲಸ ಬಿಡಲೋ ಅಂತ ಕೇಳಿದ್ದೀರಿ.

ಎರಡೂ ಬೇಡ. ಈ ವಾರವಂತೂ ಬೇಡ.

ನಾನೂ ಇದೇ ಊರಿನವಳು. ನಿಮಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು, ಹಾಗಾಗಿ ತಂಗಿ ಅಂತ ತಿಳಿದೇ ಬರೀತಿದ್ದೀನಿ. ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ಏಪ್ರಿಲ್‌ನಲ್ಲಿ ನಮ್ಮ ಸಾವ್ಕಾರರೂ ಹೀಗೇ ಮಾಡಿದರು. ಬೆಳಿಗ್ಗೆ ಏಳೂವರೆಯಿಂದ 12, ಸಂಜೆ ನಾಲ್ಕೂವರೆಯಿಂದ 9. ಅವರ ಕಾರಣ ಸುಳ್ಳಲ್ಲ. ನಮ್ಮೂರಿನ 42-43 ಡಿಗ್ರಿಯಲ್ಲಿ ಮಧ್ಯಾಹ್ನ ಹಮಾಲರ ಹೆಗಲ ಮೇಲೆ ಚೀಲ ಹೊರಿಸಲು ಯಾರಿಗೂ ಮನಸ್ಸು ಬರಲ್ಲ. ಲೋಡಿಂಗ್ ಸಂಜೆಗೆ ಹೋಯಿತು. ಲೋಡಿಂಗ್ ಹಿಂದೆ ಬಿಲ್ಲು, ಬಿಲ್ಲಿನ ಹಿಂದೆ ನಾನು.

ನಾನು ಮಾಡಿದ ತಪ್ಪು ಏನು ಅಂದರೆ, ಹೇಳಿದ ತಕ್ಷಣ "ಆಯ್ತ್ರಿ" ಅಂದುಬಿಟ್ಟೆ. ಒಂದು ವಾರ ನೋಡೋಣ, ಅಡ್ಜಸ್ಟ್ ಮಾಡಿಕೊಳ್ಳೋಣ ಅಂತ. ಒಂದು ವಾರ ಅಡ್ಜಸ್ಟ್ ಮಾಡಿಕೊಂಡವರಿಗೆ ಎರಡನೇ ವಾರ ತೊಂದರೆ ಇದೆ ಅಂದರೆ ಯಾರೂ ನಂಬಲ್ಲ. ನೀವು ಇನ್ನೂ ಹ್ಞೂಂ ಅಂದಿಲ್ಲ ಅಲ್ವಾ? ಅನ್ನಬೇಡಿ. "ಮನೆಯಲ್ಲಿ ಕೇಳಿ ಶನಿವಾರ ಹೇಳ್ತೀನ್ರಿ" ಅನ್ನಿ, ಸಾಕು.

ಐದನೇ ದಿನವೋ ಆರನೇ ದಿನವೋ. ರಾತ್ರಿ ಎಂಟೂಮುಕ್ಕಾಲು. ಕಾಟಾ (ಲಾರಿ ತೂಗುವ ತಕ್ಕಡಿ) ಮೇಲೆ ಲಾರಿ ನಿಂತಿದೆ, ಡ್ರೈವರ್ ಚೀಟಿಗೆ ಕಾಯುತ್ತಿದ್ದಾನೆ, ಕಂಪ್ಯೂಟರ್ ಹ್ಯಾಂಗ್ ಆಗಿದೆ. ಪಕ್ಕದ ಮನೆ ಕಾಕಿಯ ಫೋನು: "ನಿನ್ನ ಮಗಳು ಹೊಸ್ತಿಲು ಬಿಟ್ಟು ಏಳವಲ್ಲಳು ನೋಡವ್ವ." ಆ ಹೊತ್ತಿಗೆ ಸಿಟಿ ಬಸ್ ಅಪರೂಪ. ಟಂಟಂ ಹಿಡಿದು ಮನೆ ಮುಟ್ಟುವಾಗ ಹತ್ತಕ್ಕೆ ಹತ್ತಿರ. ಮಗಳು ಹೊಸ್ತಿಲ ಮೇಲೇ ಮಲಗಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಮುಷ್ಟಿಯಲ್ಲಿ ಅರ್ಧ ರೊಟ್ಟಿ. ಕಾಕಿ ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಮರುದಿನ ಸಾವ್ಕಾರರ ಮುಂದೆ ನಿಂತು ಇದನ್ನೆಲ್ಲ ಹೇಳಿದೆ, ಕಣ್ಣಲ್ಲಿ ನೀರೂ ಬಂತು. ಅವರು ಕೆಟ್ಟವರಲ್ಲ. ಚಹಾ ತರಿಸಿದರು. ಆಮೇಲೆ ಅಂದರು, "ಮನ್ಯಾಗಿನ ತ್ರಾಸ ಎಲ್ಲಾರಿಗೂ ಅದಾವವ್ವ. ನನ್ನ ಲಾರಿ ಯಾರು ನೋಡ್ಬೇಕು, ಅದು ಹೇಳು."

ಆವತ್ತು ಸಿಟ್ಟು ಬಂತು. ಮನೆಗೆ ಬಂದು ರೊಟ್ಟಿ ಬಡಿಯುವಾಗ ಹೊಳೆಯಿತು, ಅವರು ಕೇಳಿದ್ದು ಒಂದೇ ಪ್ರಶ್ನೆ, ನಾನು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಮಾಲೀಕರಿಗೆ ನಾನು 9 ರ ತನಕ ಕೂರುವುದು ಬೇಕಾಗಿಲ್ಲ. ಲಾರಿ ನಿಲ್ಲಬಾರದು, ಅಷ್ಟೇ. ನಿಮ್ಮ ಮಾಲೀಕರಿಗೂ 10 ರ ತನಕ ನೀವೇ ಬೇಕು ಅಂತಿರಲ್ಲ. ಕೌಂಟರ್ ಖಾಲಿ ಇರಬಾರದು ಅಂತಿರುತ್ತದೆ.

ಅವತ್ತಿನಿಂದ ಕಾಟಾ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯತೊಡಗಿದೆ. ಯಾವ ದಿನ, ಎಷ್ಟು ಹೊತ್ತಿಗೆ ಲಾರಿ, ಎಷ್ಟು ಬಿಲ್ಲು. ಎರಡು ವಾರ, 12 ದಿನ. ಸಂಜೆ ಆರೂವರೆ ಮೇಲೆ ಲಾರಿ ಹೋಗಿದ್ದು 5 ದಿನ ಮಾತ್ರ. ಅದರಲ್ಲಿ 4 ದಿನ ಮಂಗಳವಾರ, ಶುಕ್ರವಾರ. ಹೈದರಾಬಾದ್ ಪಾರ್ಟಿಯ ಗಾಡಿ ಬರುವ ದಿನಗಳು. ಉಳಿದ ದಿನ ನಾನು ಕೂಲರ್ ಮುಂದೆ ಸುಮ್ನೆ ಸೊಳ್ಳೆ ಹೊಡೆಯುತ್ತಾ ಕೂತಿದ್ದೆ.

ಆ ಹಾಳೆ ತೆಗೆದುಕೊಂಡು ಹೋದೆ. ಈ ಸಲ ಮಗಳ ಹೆಸರೇ ಎತ್ತಲಿಲ್ಲ. "ಮಂಗಳವಾರ, ಶುಕ್ರವಾರ ಗಾಡಿ ಹೋಗೋ ತನಕ ಇರ್ತೀನ್ರಿ. ಉಳಿದ ದಿನ ಬಿಲ್ಲಿನಾಗ ತೂಕ ಒಂದು ಬಿಟ್ಟು ಎಲ್ಲಾ ತುಂಬಿಸಿ ಐದೂವರೆಗೆ ಹೋಗ್ತೀನಿ. ತೂಕ ಮುನೀಮರು ಹಾಕ್ಲಿ" ಅಂದೆ. ಅವರು ಹಾಳೆಯನ್ನು ಎರಡು ಸಲ ತಿರುವಿ ನೋಡಿದರು. ಮುನೀಮರ ಮುಖ ಚಿಕ್ಕದಾಯಿತು, ಸುಳ್ಳು ಹೇಳಲ್ಲ. ಒಪ್ಪಿದರು. ಆದರೆ ಭಾನುವಾರದ ಅರ್ಧ ದಿನಕ್ಕೆ ಬೇರೆ ಕೊಡುತ್ತಿದ್ದ ದುಡ್ಡು ನಿಲ್ಲಿಸಿದರು, ನಾನೂ ಭಾನುವಾರ ಹೋಗುವುದು ನಿಲ್ಲಿಸಿದೆ. ಪೂರ್ತಿ ಗೆದ್ದೆ ಅಂತ ಹೇಳಲಾರೆ.

ನೀವು ಎರಡು ವಾರ ಕಾಯಬೇಕಿಲ್ಲ. ಬಿಲ್ಲಿಂಗ್ ಕಂಪ್ಯೂಟರ್ ನಿಮ್ಮ ಕೈಯಲ್ಲೇ ಇದೆ. ಪ್ರತಿ ಬಿಲ್ಲಿನ ಮೇಲೂ ಟೈಮ್ ಬೀಳುತ್ತದೆ. ಹೋದ ಬೇಸಿಗೆಯ ಬಿಲ್ಲುಗಳನ್ನು ಮಾಲೀಕರ ಎದುರಿಗೇ ತೆರೆದು, ರಾತ್ರಿ ಎಂಟೂವರೆ ಮೇಲೆ ಯಾವ ದಿನ ಎಷ್ಟು ಅಂತ ಎಣಿಸಿ. ಮದುವೆ ಸೀಸನ್ ಇರುವುದರಿಂದ ಕೆಲವು ದಿನ ನಿಜವಾಗಿಯೂ ಗದ್ದಲ ಇರುತ್ತದೆ. ಆ ದಿನಗಳನ್ನು ನೀವಾಗಿಯೇ ಒಪ್ಪಿಕೊಳ್ಳಿ.

ಇನ್ನು ಗಂಡನ ಪಾಳಿ. ನಿಮ್ಮ ಪ್ರಶ್ನೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಆದರೆ ನನಗೆ ಇದೇ ದೊಡ್ಡ ವಿಷಯ ಅನ್ನಿಸಿತು. ಮೊದಲ ಪಾಳಿ 6 ರಿಂದ 2 ಇದ್ದ ವಾರ ಅವರು ಸಂಜೆ 4 ರೊಳಗೆ ಮನೆಯಲ್ಲಿರುತ್ತಾರೆ. ಆ ವಾರ ನೀವು ರಾತ್ರಿ ತನಕ ಇರಬಹುದು. ಎರಡನೇ ಪಾಳಿ ವಾರ ಸಾಧ್ಯವೇ ಇಲ್ಲ. ರಾತ್ರಿ ಪಾಳಿ ವಾರ ಅವರು ಹೊರಡುವ ಹೊತ್ತಿಗೆ ನೀವು ಮನೆಯಲ್ಲಿರಬೇಕು, ಅಂದರೆ ಏಳೂವರೆ ಎಂಟಕ್ಕೆ. ಹೀಗೆ ಮೂರು ವಾರಕ್ಕೆ ಮೂರು ಟೈಮ್ ಬರೆದು ಕೊಟ್ಟರೆ ಮಾಲೀಕರು ಇನ್ನೊಬ್ಬ ಹುಡುಗಿಯ ಜೊತೆ ಪಾಳಿ ಬದಲಿಸಬಹುದು. ಮಗುವನ್ನು ನೋಡಿಕೊಳ್ಳುವುದು ಹೆಂಗಸಿನ ಕೆಲಸ ಅಂತ ಗಂಡನೂ ಅಂದರೆ ಅದು ಬೇರೆ ಜಗಳ, ಅದನ್ನು ಮಾತ್ರ ಮಾಡಲೇಬೇಕು.

ಕಾನೂನು ಕೇಳಿದ್ದೀರಿ. ಕರ್ನಾಟಕದಲ್ಲಿ ಅಂಗಡಿಗಳಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ನಿಮ್ಮ ಮಾಲೀಕರು 4 ಮತ್ತು 5 ಕೂಡಿಸಿ 9 ಸರಿಯಾಗಿದೆ ಅಂದುಕೊಂಡಿದ್ದಾರೆ. ಆದರೆ ದಿನಕ್ಕೆ 9 ರಂತೆ ಆರು ದಿನ ಅಂದರೆ 54 ಆಯಿತು. ಇನ್ನೊಂದು ಲೆಕ್ಕ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಬಿಡುವೂ ಸೇರಿ ಕೆಲಸದ ದಿನ ಒಟ್ಟು 12 ಗಂಟೆಗಿಂತ ಉದ್ದ ಆಗಬಾರದು. ಬೆಳಿಗ್ಗೆ 9 ರಿಂದ ರಾತ್ರಿ 10 ಅಂದರೆ 13. ಮಧ್ಯೆ 4 ಗಂಟೆ ಮನೆಗೆ ಕಳಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ. ಮೇಲಾಗಿ ರಾತ್ರಿ 8 ರ ನಂತರ ಹೆಂಗಸರನ್ನು ಅಂಗಡಿಯಲ್ಲಿ ದುಡಿಸಲು ನಿಮ್ಮ ಲಿಖಿತ ಒಪ್ಪಿಗೆ ಬೇಕು. ಎರಡು ವರ್ಷ ದುಡಿದಿದ್ದೀರಿ. 6 ತಿಂಗಳು ದಾಟಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಪಗಾರ ಕೊಡದೆ ತೆಗೆಯುವ ಹಾಗಿಲ್ಲ.

ಇಷ್ಟು ಗೊತ್ತಿರಲಿ, ಆದರೆ ಮೊದಲ ಮಾತಿಗೇ ಕಾಯ್ದೆ ತೆಗೆಯಬೇಡಿ. ಹತ್ತು ಜನರ ಅಂಗಡಿಯಲ್ಲಿ ಕಾಯ್ದೆ ಮಾತಾಡಿದವರನ್ನು ಬಿಡಿಸುವುದಕ್ಕೆ ನೂರು ದಾರಿ ಇರುತ್ತವೆ. ನಮ್ಮ ಮಿಲ್‌ನಲ್ಲೇ ಕಂಡಿದ್ದೀನಿ. ಮಾತುಕತೆ ಪೂರ್ತಿ ಮುರಿದರೆ ಮಾತ್ರ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಆಗ ಕೈಯಲ್ಲಿ ಏನಾದರೂ ಕಾಗದ ಇರಬೇಕಲ್ಲ? ಅದಕ್ಕೇ ಇವತ್ತೇ ಮಾಲೀಕರಿಗೆ ಒಂದು ವಾಟ್ಸಾಪ್ ಹಾಕಿ: "ಸೋಮವಾರದಿಂದ 9 ರಿಂದ 1, 5 ರಿಂದ 10 ಅಂದಿರಿ, ನಾನು ಸರಿಯಾಗಿ ಕೇಳಿಸಿಕೊಂಡೆನಾ ಸರ್?" ಹೌದು ಅಂತ ಒಂದು ಪದ ಬಂದರೂ ಸಾಕು.

(ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ರಿಂದ ಮಧ್ಯಾಹ್ನ ಒಂದೂವರೆ ತನಕ. ಸರ್ಕಾರಿ ನೌಕರಿಯ ತಾಯಂದಿರಿಗೆ 2021 ರಿಂದ ಮಕ್ಕಳ ಆರೈಕೆಗೆ 6 ತಿಂಗಳ ರಜೆ ಬೇರೆ. ಅದೇ ಬಿಸಿಲು, ಅದೇ ಊರು. ಹೊಟ್ಟೆಕಿಚ್ಚು ಅಂತ ಬೇಕಾದರೆ ಅನ್ನಿ.)

ಶಿಶುವಿಹಾರದ ಬಗ್ಗೆ ಯಾರೋ ನಿಮಗೆ ಹೇಳಿದ್ದಾರಲ್ಲ, 50 ಜನ ಇದ್ದ ಕಡೆ ಮಾಲೀಕರೇ ವ್ಯವಸ್ಥೆ ಮಾಡಬೇಕು ಅಂತ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಬಂದದ್ದು, ನಿಜ. ನಿಮ್ಮ ಅಂಗಡಿಯಲ್ಲಿ ಅಷ್ಟು ಜನ ಇಲ್ಲ, ಬಿಡಿ. ಅಂಗನವಾಡಿಯೂ ಸಂಜೆಗೆ ಮುಚ್ಚುತ್ತದೆ. ರಾತ್ರಿ ಹೊತ್ತಿಗೆ ಮನುಷ್ಯರೇ ಬೇಕು. ಪಕ್ಕದ ಮನೆಯವರಿಗೆ ಇಷ್ಟು ದಿನ ದುಡ್ಡು ಕೊಡುತ್ತಿದ್ದಿರಾ ಅಂತ ಬರೆದಿಲ್ಲ. ನಾನು ಕಾಕಿಗೆ ಮೊದಲು ಹಬ್ಬಕ್ಕೊಂದು ಸೀರೆ ಕೊಟ್ಟು ಸುಮ್ಮನಿದ್ದೆ. ಆ ರಾತ್ರಿಯ ಮೇಲೆ ತಿಂಗಳಿಗೆ ಸಾವಿರದ ಐನೂರು ಅಂತ ಮಾತಾಡಿದೆ. ಅವರಿಗೆ ಸಂಕೋಚ, ನನಗೂ ಸಂಕೋಚ. ಆದರೆ ದುಡ್ಡು ಅಂತ ಆದ ಮೇಲೆ ವಾರಕ್ಕೆ ಎರಡು ರಾತ್ರಿ ಒಂಬತ್ತೂವರೆ ತನಕ ಇಟ್ಟುಕೊಳ್ಳಲು ಅವರೇ ಒಪ್ಪಿದರು. ಮೇ ತಿಂಗಳಲ್ಲಿ ಹದಿನೈದು ದಿನ ಮಗಳನ್ನು ಚಿತ್ತಾಪುರದ ತವರಿಗೆ ಕಳಿಸಿದೆ. ಅಜ್ಜಿ ಮನೆಯಲ್ಲಿ ಮಾವಿನಹಣ್ಣು ತಿಂದು ಮೈತುಂಬ ಬೆವರುಸಾಲೆ ಮಾಡಿಕೊಂಡು ಬಂದಳು, ಅದು ಬೇರೆ ಕತೆ.

ಶನಿವಾರಕ್ಕೆ ಇನ್ನೂ ಎರಡು ದಿನ ಇದೆ. ಇವತ್ತು ರಾತ್ರಿ ಗಂಡನ ಮೂರು ವಾರದ ಪಾಳಿ ಬರೆದಿಟ್ಟುಕೊಳ್ಳಿ, ನಾಳೆ ಹೋದ ವರ್ಷದ ಬಿಲ್ಲು ಎಣಿಸಿ. ಎಂಟೂವರೆ ಮೇಲೆ ಎಷ್ಟು ಬಿಲ್ಲು ಬಂತು ಅಂತ ಇಲ್ಲಿ ಹಾಕಿದರೆ, ಮಾಲೀಕರಿಗೆ ಕೊಡುವ ಚೀಟಿ ಹೇಗೆ ಬರೆಯಬೇಕು ಅಂತ ಕೂತು ನೋಡೋಣ.